ಲೆಕ್ಕದ ಭಯ ಬಿಡಿಸೋಣ: ಗೋನೆಗಂಡ್ಲದ ಹೊಲ, ರಸ್ತೆ, ಬಾವಿಗಳಲ್ಲಿ ಭೌತಶಾಸ್ತ್ರ

ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಕ್ರಿಸ್ಮಸ್ ನಕ್ಷತ್ರವನ್ನು ಇಳಿಸಿದ ಕೂಡಲೇ ಇನ್ನೊಂದು ಕಾಲ ಶುರುವಾಗುತ್ತದೆ. ಅದು ಪರೀಕ್ಷೆಯ ಕಾಲ. ಸಮಾಜ ವಿಜ್ಞಾನವನ್ನು ಬಾಯಿಪಾಠ ಮಾಡಿಯಾದರೂ ದಾಟಬಹುದು, ಭಾಷೆಗಳನ್ನು ಹೇಗೋ ಬರೆಯಬಹುದು ಎಂದುಕೊಳ್ಳುವ ಮಕ್ಕಳು ಭೌತಶಾಸ್ತ್ರದ ಲೆಕ್ಕಗಳ ಪುಟ ಬಂದಾಗ ಮಾತ್ರ ಪುಸ್ತಕ ಮುಚ್ಚಿಬಿಡುತ್ತಾರೆ. "ಫಾದರ್, ಸೂತ್ರ ಬರುತ್ತೆ, ಲೆಕ್ಕ ಬರಲ್ಲ" ಎಂಬ ಮಾತನ್ನು ಮನೆ ಭೇಟಿಗೆ ಹೋದಾಗಲೆಲ್ಲ ಕೇಳುತ್ತೇವೆ. ತಾಯಂದಿರು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ: "ನಮಗೆ ಓದು ಬರಲ್ಲ, ನಾವೇನು ಹೇಳಿಕೊಡೋಣ?"

ಈ ಎರಡು ಮಾತುಗಳಿಗೂ ಉತ್ತರ ಹುಡುಕುವ ಪ್ರಯತ್ನ ಈ ಲೇಖನ. ನಾವು ಆರಿಸಿಕೊಂಡಿರುವ ಜಾಗ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ: ಆದೋನಿ, ಎಮ್ಮಿಗನೂರು, ಗೋನೆಗಂಡ್ಲದ ಸೀಮೆ. ಕಾರಣವಿದೆ. ಲೆಕ್ಕದ ಭಯ ಎಲ್ಲ ಊರಿನ ಮಕ್ಕಳಿಗೂ ಉಂಟು. ಆದರೆ ಇಲ್ಲಿನ ಮಕ್ಕಳಿಗೆ ಅದರ ಜೊತೆ ಎರಡು ಹೊರೆಗಳು ಹೆಚ್ಚಾಗಿವೆ. ಒಂದು ಭಾಷೆಯದು, ಇನ್ನೊಂದು ವಲಸೆಯದು.

ಎರಡು ಭಾಷೆಗಳ ನಡುವೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ, ಅಲ್ಲಿಯವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿಯೂ ಸೇರಿದಂತೆ ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಗೆರೆ ಎಳೆದದ್ದು ನಕ್ಷೆಯ ಮೇಲೆ. ಮನೆಯ ಮಾತಿನ ಮೇಲೆ ಅಲ್ಲ. ಇಂದಿಗೂ ಈ ಸೀಮೆಯಲ್ಲಿ ಅಜ್ಜಿ ಕನ್ನಡದಲ್ಲಿ ಕರೆದರೆ ಮೊಮ್ಮಗಳು ತೆಲುಗಿನಲ್ಲಿ ಓಗೊಡುವ ಮನೆಗಳಿವೆ. ಆದೋನಿ, ಆಲೂರು ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಉಂಟು. ಮಗು ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಕೇಳಿ, ಕಾಲೇಜಿಗೆ ಹೋದಾಗ ಇಂಗ್ಲಿಷ್ ಎಂಬ ಮೂರನೆಯದನ್ನು ಎದುರಿಸುತ್ತದೆ.

ಇದರಿಂದ ಲೆಕ್ಕಕ್ಕೆ ಏನಾಗುತ್ತದೆ? ಕೆಲವು ಪದಗಳು ಎರಡೂ ಭಾಷೆಗಳಲ್ಲಿ ಒಂದೇ. ಬಲ, ವೇಗ, ದ್ರವ್ಯರಾಶಿ, ವಿದ್ಯುತ್, ತರಂಗ – ಇವು ಕನ್ನಡ ಪುಸ್ತಕದಲ್ಲೂ ತೆಲುಗು ಪುಸ್ತಕದಲ್ಲೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಕನ್ನಡದಲ್ಲಿ 'ವೇಗೋತ್ಕರ್ಷ' ಎಂದು ಕಲಿತದ್ದು ತೆಲುಗಿನಲ್ಲಿ 'ತ್ವರಣಂ' ಆಗುತ್ತದೆ. ನಮ್ಮ 'ರೋಧ' ಅಲ್ಲಿ 'ನಿರೋಧಂ'. ನಮ್ಮ 'ಆವೃತ್ತಿ' ಅಲ್ಲಿ 'ಪೌನಃಪುನ್ಯಂ'. ನಮ್ಮ 'ತರಂಗದೂರ' ಅಲ್ಲಿ 'ತರಂಗದೈರ್ಘ್ಯಂ'. ನಮ್ಮ 'ಜವ' ಅಲ್ಲಿ 'ವಡಿ'. ನಮ್ಮ 'ಸ್ಥಾನಪಲ್ಲಟ' ಅಲ್ಲಿ 'ಸ್ಥಾನಭ್ರಂಶಂ'. ವಿಷಯ ಗೊತ್ತಿದ್ದರೂ ಪದ ಗೊತ್ತಾಗದೆ ಮಗು ತಡವರಿಸುತ್ತದೆ. ಅದನ್ನು ನೋಡಿದ ದೊಡ್ಡವರು "ಇವನಿಗೆ ವಿಜ್ಞಾನ ಹತ್ತಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹತ್ತದಿರುವುದು ವಿಜ್ಞಾನವಲ್ಲ, ಪದ. ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ಸಾಲು ಗೆರೆ ಎಳೆದು ಕನ್ನಡ, ತೆಲುಗು, ಇಂಗ್ಲಿಷ್ ಪದಗಳನ್ನು ಎದುರುಬದುರು ಬರೆದುಕೊಂಡರೆ, ಇಡೀ ಪಠ್ಯಕ್ಕೆ ಐವತ್ತು ಪದಗಳೂ ಆಗಲಾರವು. ಒಂದು ವಾರದ ಕೆಲಸ ಅದು.

ಕನ್ನಡದಲ್ಲಿ ಭೌತಶಾಸ್ತ್ರ ಹೇಳಲಾಗದು ಎಂಬ ಅಂಜಿಕೆಯೂ ಬೇಡ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರೊಡನೆ ಸೇರಿ 1918ರಲ್ಲೇ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದಿದ್ದರು. ನೂರು ವರ್ಷಗಳಿಗೂ ಹಿಂದೆ ಹಿರಿಯರು ಕಟ್ಟಿದ ದಾರಿ ಇದು.

ಸುಗ್ಗಿ ಎಂದರೆ ಸಂತೋಷವಲ್ಲ

ಎರಡನೆಯ ಹೊರೆ ಇನ್ನೂ ಭಾರವಾದದ್ದು. ನಮಗೆಲ್ಲ 'ಸುಗ್ಗಿ' ಎಂದರೆ ಕಣದಲ್ಲಿ ರಾಶಿ, ಮನೆಯಲ್ಲಿ ಹಬ್ಬ. ಕರ್ನೂಲಿನ ಈ ಪಶ್ಚಿಮ ಸೀಮೆಯಲ್ಲಿ 'ಸುಗ್ಗಿಗೆ ಹೋದರು' ಎಂದರೆ ಮನೆಗೆ ಬೀಗ ಹಾಕಿ ಕೂಲಿಗೆ ಊರು ಬಿಟ್ಟರು ಎಂದರ್ಥ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ತೆಲಂಗಾಣದ ಹತ್ತಿ ಹೊಲಗಳಿಗೆ, ಬೆಂಗಳೂರು ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಹೊರಟಾಗ ಬಲದ ಪಾಠ ನಡೆಯುತ್ತಿದ್ದರೆ, ಮರಳಿ ಬಂದಾಗ ವಿದ್ಯುತ್ತಿನ ಪಾಠ ಮುಗಿದಿರುತ್ತದೆ. ಕಥೆಯ ಪುಸ್ತಕದಲ್ಲಿ ನಡುವಿನ ಹತ್ತು ಪುಟ ಹರಿದರೂ ಹೇಗೋ ಊಹಿಸಬಹುದು. ಲೆಕ್ಕದಲ್ಲಿ ಹಾಗಲ್ಲ, ಒಂದು ಮೆಟ್ಟಿಲು ತಪ್ಪಿದರೆ ಮೇಲಿನ ಮೆಟ್ಟಿಲಿಗೆ ಕಾಲು ಎಟುಕುವುದಿಲ್ಲ. ಹೀಗೆ ಹಿಂದೆ ಬಿದ್ದ ಮಗು ಮುಂದಿನ ವರ್ಷ ಶಾಲೆಗೇ ಬರುವುದಿಲ್ಲ. ಹುಡುಗ ಗಾರೆ ಕೆಲಸಕ್ಕೆ, ಹುಡುಗಿ ಮದುವೆಗೆ. ಒಂದು ಲೆಕ್ಕದ ಪುಟ ಮುಚ್ಚಿದ ಕಡೆ ಒಂದು ಬದುಕಿನ ಬಾಗಿಲೂ ಮುಚ್ಚುವುದನ್ನು ಹೀಗೆ ನೋಡಬೇಕಾಗುತ್ತದೆ.

ಆದ್ದರಿಂದ ಲೆಕ್ಕ ಬಿಡಿಸುವ ವಿದ್ಯೆಯನ್ನು ಶಾಲೆಗೇ ಬಿಟ್ಟುಬಿಡದೆ ಮನೆಗೂ ತರಬೇಕು. ಗುಡಿಸಲಲ್ಲೂ ಹೊಲದ ಬದುವಿನಲ್ಲೂ ಕಲಿಯಬಹುದಾದ ಹಾಗೆ ತರಬೇಕು. ಅದು ಆಗುವ ಕೆಲಸವೇ? ಆಗುತ್ತದೆ. ಮೊದಲು ಕ್ರಮವನ್ನು ತಿಳಿಯೋಣ.

ಮೂರು ಪ್ರಶ್ನೆಗಳು

ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞ ಜಾರ್ಜ್ ಪೋಲ್ಯ ಎಂಬವರು 1945ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪುಸ್ತಕದಲ್ಲಿ ಲೆಕ್ಕ ಬಿಡಿಸುವ ಕೆಲಸವನ್ನು ನಾಲ್ಕು ಹೆಜ್ಜೆಗಳಾಗಿ ಹೇಳಿದರು. ಲೆಕ್ಕವನ್ನು ಅರ್ಥ ಮಾಡಿಕೊಳ್ಳುವುದು, ಉಪಾಯ ಯೋಚಿಸುವುದು, ಉಪಾಯವನ್ನು ನಡೆಸುವುದು, ಕೊನೆಗೆ ಹಿಂದಿರುಗಿ ನೋಡುವುದು. ನಮ್ಮ ಮಕ್ಕಳು ಹೆಚ್ಚಾಗಿ ಮೂರನೆಯ ಹೆಜ್ಜೆಯಿಂದಲೇ ಶುರು ಮಾಡುತ್ತಾರೆ. ಲೆಕ್ಕದಲ್ಲಿ ಎರಡು ಸಂಖ್ಯೆ ಕಂಡ ಕೂಡಲೇ ಗುಣಿಸುತ್ತಾರೆ, ಇಲ್ಲವೇ ಭಾಗಿಸುತ್ತಾರೆ.

ಓದು ಬಾರದ ತಾಯಿತಂದೆಯರೂ ಕೇಳಬಹುದಾದ ಮೂರು ಪ್ರಶ್ನೆಗಳನ್ನಾಗಿ ನಾವು ಇದನ್ನು ಇಳಿಸಿಕೊಳ್ಳೋಣ. ಒಂದು: "ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ? ನನಗೆ ಮನೆ ಮಾತಲ್ಲಿ ಹೇಳು." ಎರಡು: "ಚಿತ್ರ ಬರೆದು ತೋರಿಸು." ಮೂರು: "ಬಂದ ಉತ್ತರ ನಂಬುವ ಹಾಗಿದೆಯಾ?" ಈ ಮೂರು ಪ್ರಶ್ನೆ ಕೇಳುವುದಕ್ಕೆ ಸೂತ್ರ ಗೊತ್ತಿರಬೇಕಾಗಿಲ್ಲ. ಮಗು ಅಮ್ಮನಿಗೆ ವಿವರಿಸಲು ಹೊರಟಾಗ ಅರ್ಧ ಲೆಕ್ಕ ತಾನಾಗಿ ಬಿಡುತ್ತದೆ. ಇನ್ನು ಒಂದೊಂದಾಗಿ ನೋಡೋಣ.

ಎತ್ತು ಮತ್ತು ಬಂಡಿ: ಬಲದ ಲೆಕ್ಕ

ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರು ನಿಯಮಗಳಲ್ಲಿ ಮೂರನೆಯದು ಎಲ್ಲ ಮಕ್ಕಳಿಗೂ ಬಾಯಿಗೆ ಬರುತ್ತದೆ: ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಉಂಟು. ಆಗ ಚುರುಕಾದ ಮಗು ಕೇಳುತ್ತದೆ: ಎತ್ತು ಬಂಡಿಯನ್ನು ಎಳೆದಷ್ಟೇ ಬಲದಿಂದ ಬಂಡಿಯೂ ಎತ್ತನ್ನು ಹಿಂದಕ್ಕೆ ಎಳೆದರೆ, ಬಂಡಿ ಮುಂದೆ ಹೋಗುವುದು ಹೇಗೆ?

ಇಲ್ಲೇ ಚಿತ್ರ ಬೇಕಾಗುವುದು. ಆ ಎರಡು ಬಲಗಳು ಎರಡು ಬೇರೆ ಬೇರೆ ವಸ್ತುಗಳ ಮೇಲೆ ಇವೆ. ಆದ್ದರಿಂದ ಒಂದನ್ನೊಂದು ಅಳಿಸಲಾರವು. ಬಂಡಿಯನ್ನು ಮಾತ್ರ ಬೇರೆಯಾಗಿ ಬರೆಯಿರಿ. ಅದರ ಮೇಲೆ ಮುಂದಕ್ಕೆ ಎತ್ತಿನ ಎಳೆತ, ಹಿಂದಕ್ಕೆ ನೆಲದ ತಡೆ. ಎಳೆತ ಹೆಚ್ಚಾದರೆ ನಿಂತ ಬಂಡಿ ಹೊರಡುತ್ತದೆ. ಇನ್ನು ಎತ್ತನ್ನು ಬೇರೆಯಾಗಿ ಬರೆಯಿರಿ. ಅದು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಅದನ್ನು ಮುಂದಕ್ಕೆ ಒತ್ತುತ್ತದೆ. ಆದೋನಿ ಸೀಮೆಯ ಎರೆ ನೆಲ ಮಳೆಗೆ ನೆನೆದಾಗ ಎತ್ತು ಜಾರುವುದೇಕೆ? ಎತ್ತಿನ ಶಕ್ತಿ ಕುಂದಿದ್ದಕ್ಕಲ್ಲ. ಗೊರಸಿಗೆ ಹಿಡಿತ ಸಿಗದೆ ನೆಲ ಮರಳಿ ಒತ್ತಲಾರದೆ ಹೋದದ್ದಕ್ಕೆ.

ಈಗ ಸಂಖ್ಯೆ ಹಾಕೋಣ. ಬಂಡಿ ಮತ್ತು ಹೊರೆ ಸೇರಿ 600 ಕಿಲೋಗ್ರಾಂ. ಎತ್ತುಗಳ ಎಳೆತ 900 ನ್ಯೂಟನ್. ನೆಲದ ತಡೆ 600 ನ್ಯೂಟನ್. ವೇಗೋತ್ಕರ್ಷ ಎಷ್ಟು? ಅವಸರದ ಮಗು 900ನ್ನು 600ರಿಂದ ಭಾಗಿಸಿ 1.5 ಎನ್ನುತ್ತದೆ. ಚಿತ್ರ ಬರೆದ ಮಗು ಮೊದಲು ಕಳೆಯುತ್ತದೆ: 900ರಲ್ಲಿ 600 ಹೋದರೆ ಉಳಿದ ಬಲ 300. ಅದನ್ನು 600ರಿಂದ ಭಾಗಿಸಿದರೆ 0.5. ಅಂದರೆ ಬಂಡಿಯ ವೇಗ ಪ್ರತಿ ಸೆಕೆಂಡಿಗೆ ಅರ್ಧ ಮೀಟರ್‌ನಷ್ಟು ಹೆಚ್ಚುತ್ತದೆ. ಸೂತ್ರದಲ್ಲಿರುವ 'ಬಲ' ಎಂದರೆ ಎಲ್ಲ ಬಲಗಳನ್ನು ಕೂಡಿ ಕಳೆದು ಉಳಿದದ್ದು ಎಂಬುದು ಇಲ್ಲಿನ ಪಾಠ. ನೆಲ ಕೆಸರಾಗಿ ತಡೆಯೂ 900 ಆಯಿತು ಎನ್ನಿ. ಆಗ ಉಳಿದ ಬಲ ಸೊನ್ನೆ. ಓಡುತ್ತಿದ್ದ ಬಂಡಿ ಅದೇ ವೇಗದಲ್ಲಿ ಸಾಗುತ್ತದೆ, ನಿಂತ ಬಂಡಿ ನಿಂತೇ ಇರುತ್ತದೆ. ಸೊನ್ನೆ ಬಲ ಎಂದರೆ ನಿಲ್ಲುವುದೇ ಎಂದು ತಿಳಿಯುವುದು ಬಹಳ ಮಕ್ಕಳು ಎಡವುವ ಕಲ್ಲು.

ಬಲದ ಪಾಠದ ಇನ್ನೊಂದು ಮುಖ ಗೋನೆಗಂಡ್ಲದ ಹತ್ತಿರವೇ ಇದೆ. ಹಂದ್ರಿ ನದಿಗೆ ಅಡ್ಡವಾಗಿ ಕಟ್ಟಿದ ಗಾಜುಲದಿನ್ನೆ ಜಲಾಶಯಕ್ಕೆ ಸಂಜೀವಯ್ಯ ಸಾಗರ ಎಂದು ಹೆಸರು. ಕರ್ನೂಲು ಸಮೀಪದ ಪೆದ್ದಪಾಡಿನ ಬಡ ದಲಿತ ಕುಟುಂಬದಲ್ಲಿ ಹುಟ್ಟಿ, 1960ರಿಂದ 1962ರವರೆಗೆ ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದ ದಾಮೋದರಂ ಸಂಜೀವಯ್ಯನವರ ನೆನಪು ಅದು. ಕಟ್ಟೆಯ ಬುಡವನ್ನು ಮೇಲಿಗಿಂತ ದಪ್ಪವಾಗಿ ಕಟ್ಟುವುದೇಕೆ? ನೀರಿನ ಒತ್ತಡ ಕೆರೆ ಎಷ್ಟು ವಿಶಾಲ ಎಂಬುದನ್ನು ನೋಡುವುದಿಲ್ಲ, ಎಷ್ಟು ಆಳ ಎಂಬುದನ್ನು ಮಾತ್ರ ನೋಡುತ್ತದೆ. 10 ಮೀಟರ್ ಆಳದಲ್ಲಿ ನೀರಿನ ಒತ್ತಡ: ಸಾಂದ್ರತೆ 1000, ಗುರುತ್ವ 9.8, ಆಳ 10. ಗುಣಿಸಿದರೆ ಒಂದು ಚದರ ಮೀಟರ್ ಮೇಲೆ 98,000 ನ್ಯೂಟನ್. ಹತ್ತು ಟನ್ ತೂಕ ಒರಗಿದ ಹಾಗೆ. ಸಣ್ಣ ಬಾವಿಯೇ ಇರಲಿ, ದೊಡ್ಡ ಜಲಾಶಯವೇ ಇರಲಿ, 10 ಮೀಟರ್ ಆಳಕ್ಕೆ ಅಷ್ಟೇ.

ರಸ್ತೆಯಲ್ಲಿ ಬೈಕು: ಚಲನೆಯ ಲೆಕ್ಕ

ಎಮ್ಮಿಗನೂರಿನಿಂದ ಗೋನೆಗಂಡ್ಲದ ಕಡೆ ಸಂಜೆ ಹೊತ್ತಿನಲ್ಲಿ ಹೋಗುವವರಿಗೆ ಹಿಂದೀಪವಿಲ್ಲದ ಟ್ರ್ಯಾಕ್ಟರು, ಹತ್ತಿ ಹೇರಿದ ಬಂಡಿ ಇವೆಲ್ಲ ಹೊಸದಲ್ಲ. ನಮ್ಮ ಯುವಕರು ಬೈಕಿನಲ್ಲಿ ಅವುಗಳ ಹಿಂದೆಯೇ ಬರುತ್ತಾರೆ. ಈ ಲೆಕ್ಕವನ್ನು ಪ್ರತಿಯೊಬ್ಬ ಯುವಕನೂ ತನ್ನ ಕೈಯಿಂದ ಬಿಡಿಸಬೇಕೆಂದು ನಮ್ಮ ಆಸೆ.

ಮೊದಲು ಏಕಮಾನ. ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5 ಮೀಟರ್. ಇದೊಂದನ್ನು ನೆನಪಿಟ್ಟರೆ ಸಾಕು: 36ಕ್ಕೆ 10, 54ಕ್ಕೆ 15, 72ಕ್ಕೆ 20. ಈಗ ಬೈಕು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿದೆ. ಎದುರಿಗೆ ಬಂಡಿ ಕಂಡು ಬ್ರೇಕಿಗೆ ಕಾಲು ಹೋಗುವುದಕ್ಕೆ ಒಂದು ಸೆಕೆಂಡು ಬೇಕು ಎನ್ನೋಣ. ಅಷ್ಟರಲ್ಲಿ ಬೈಕು 15 ಮೀಟರ್ ಹೋಗಿಬಿಟ್ಟಿತು. ಬ್ರೇಕು ಪ್ರತಿ ಸೆಕೆಂಡಿಗೆ 5 ಮೀಟರ್‌ನಂತೆ ವೇಗ ತಗ್ಗಿಸುತ್ತದೆ ಎನ್ನಿ. ನಿಲ್ಲುವ ದೂರಕ್ಕೆ ವೇಗದ ವರ್ಗವನ್ನು ಆ ಐದರ ಎರಡರಷ್ಟರಿಂದ ಭಾಗಿಸಬೇಕು: 225ನ್ನು 10ರಿಂದ ಭಾಗಿಸಿದರೆ 22.5 ಮೀಟರ್. ಒಟ್ಟು 37.5 ಮೀಟರ್.

ಈಗ ವೇಗ 72. ಸ್ನೇಹಿತ ಹಿಂದಿನಿಂದ "ಇನ್ನೂ ಸ್ವಲ್ಪ ಎಳಿ" ಎಂದ, ಅಷ್ಟೇ. ಮೊದಲ ಸೆಕೆಂಡಿನಲ್ಲಿ 20 ಮೀಟರ್. ಬ್ರೇಕು ಹಿಡಿದ ಮೇಲೆ 400ನ್ನು 10ರಿಂದ ಭಾಗಿಸಿದರೆ 40 ಮೀಟರ್. ಒಟ್ಟು 60. ವೇಗ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು. ನಿಲ್ಲುವ ದೂರ ಹೆಚ್ಚಿದ್ದು ಅರ್ಧಕ್ಕಿಂತ ಜಾಸ್ತಿ. ಏಕೆಂದರೆ ವೇಗವನ್ನು ವರ್ಗ ಮಾಡುತ್ತೇವೆ. ರಾತ್ರಿ ಬೈಕಿನ ದೀಪದಲ್ಲಿ 50 ಮೀಟರ್ ಮಾತ್ರ ಕಾಣುತ್ತದೆ ಎಂದಿಟ್ಟುಕೊಳ್ಳಿ. 54ರಲ್ಲಿ ಹೋದವನು ಬಂಡಿಗೆ 12 ಮೀಟರ್ ಮೊದಲೇ ನಿಲ್ಲುತ್ತಾನೆ. 72ರಲ್ಲಿ ಹೋದವನಿಗೆ ಬಂಡಿ ಕಂಡಾಗಲೇ ತಡವಾಗಿದೆ. ರಸ್ತೆ ಒದ್ದೆಯಾಗಿದ್ದರೆ, ಮೂವರು ಕುಳಿತು ಸವಾರ ಕುಡಿದಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಸಾವಿನ ಮನೆಯಲ್ಲಿ "ವಿಧಿ" ಎನ್ನುವ ಮುಂಚೆ ಈ ಎರಡು ಸಂಖ್ಯೆಗಳನ್ನು, 37.5 ಮತ್ತು 60, ಬದುಕಿರುವ ಮಕ್ಕಳ ಕಿವಿಗೆ ಹಾಕುವುದು ಮೇಲು.

ಪಂಪ್‌ಸೆಟ್ಟಿನ ಹತ್ತಿರ: ವಿದ್ಯುತ್ತಿನ ಲೆಕ್ಕ

ವಿದ್ಯುತ್ತಿನ ಮೂಲ ನಿಯಮವನ್ನು 1827ರಲ್ಲಿ ಪ್ರಕಟಿಸಿದವರು ಜರ್ಮನಿಯ ಜಾರ್ಜ್ ಓಮ್. ಅವರು ಬೀಗ ಮಾಡುವ ಕಮ್ಮಾರನ ಮಗ. ಕೊಲೋನ್ ನಗರದ ಜೆಸ್ವಿತ್ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದಾಗ ತಾವೇ ತಂತಿಗಳನ್ನು ಜೋಡಿಸಿ ಪ್ರಯೋಗ ಮಾಡಿದರು. ಅವರು ಕಂಡದ್ದು ಇಷ್ಟೇ: ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್.

ಈ ಸಣ್ಣ ಭಾಗಾಕಾರವನ್ನು ನಮ್ಮ ಮೈಗೆ ಹಚ್ಚಿ ನೋಡೋಣ. ಮನೆಯ ವಿದ್ಯುತ್ 230 ವೋಲ್ಟ್. ಚರ್ಮ ಚೆನ್ನಾಗಿ ಒಣಗಿದ್ದಾಗ ದೇಹದ ರೋಧ ಒಂದು ಲಕ್ಷ ಓಮ್‌ವರೆಗೂ ಇರಬಹುದು. ಆಗ ಹರಿಯುವುದು 0.0023 ಆಂಪಿಯರ್, ಜುಂ ಎನ್ನುತ್ತದೆ. ಗದ್ದೆಗೆ ನೀರು ಕಟ್ಟಿ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಪಂಪ್‌ಸೆಟ್ಟಿನ ಸ್ವಿಚ್ಚಿಗೆ ಬಂದವನ ದೇಹದ ರೋಧ ಸುಮಾರು ಒಂದು ಸಾವಿರ ಓಮ್‌ಗೆ ಇಳಿಯಬಹುದು. ಈಗ 230ನ್ನು 1000ದಿಂದ ಭಾಗಿಸಿ: 0.23 ಆಂಪಿಯರ್. ಹೃದಯದ ಬಡಿತ ಕೆಡಿಸಲು ಅದರ ಅರ್ಧವೂ ಬೇಕಾಗಿಲ್ಲ. ಅದೇ ಮನುಷ್ಯ, ಅದೇ ತಂತಿ. ಬದಲಾದದ್ದು ನೀರು ಮಾತ್ರ.

"ಫ್ಯೂಸ್ ಇದೆಯಲ್ಲ" ಎನ್ನುವವರಿದ್ದಾರೆ. ಮೂರನೆಯ ಪ್ರಶ್ನೆಯನ್ನು ಇಲ್ಲಿ ಕೇಳಿ: ನಂಬುವ ಹಾಗಿದೆಯಾ? 5 ಆಂಪಿಯರ್‌ನ ಫ್ಯೂಸು ಅದಕ್ಕಿಂತ ಹೆಚ್ಚು ಹರಿದರೆ ಮಾತ್ರ ಕರಗುತ್ತದೆ. ಮನುಷ್ಯನ ಪ್ರಾಣಕ್ಕೆ 0.23 ಸಾಕು. ಅಂದರೆ ಫ್ಯೂಸು ಮನೆಯನ್ನು ಬೆಂಕಿಯಿಂದ ಉಳಿಸುತ್ತದೆ, ಮನುಷ್ಯನನ್ನಲ್ಲ. ಅದಕ್ಕಾಗಿಯೇ 0.03 ಆಂಪಿಯರ್ ಸೋರಿದರೂ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಎಂಬ ಉಪಕರಣವಿದೆ. ಮನೆಗೆ, ಮೋಟರಿಗೆ ಅದನ್ನು ಹಾಕಿಸುವುದೂ, ಸರಿಯಾದ ಅರ್ಥಿಂಗ್ ಮಾಡಿಸುವುದೂ ಖರ್ಚಲ್ಲ. ಯಾರಿಗಾದರೂ ಶಾಕ್ ತಗುಲಿದಾಗ ಕೈಯಿಂದ ಎಳೆಯಬಾರದು. ಮೊದಲು ಮೇನ್ ಆರಿಸಬೇಕು, ಆಗದಿದ್ದರೆ ಒಣ ಕೋಲಿನಿಂದ ಬಿಡಿಸಬೇಕು. ತಂದೆಯನ್ನು ಉಳಿಸಲು ಹೋಗಿ ಮಗನೂ ಹೋದ ಸುದ್ದಿಯನ್ನು ನಮ್ಮ ಹಳ್ಳಿಗಳು ಬೇಕಾದಷ್ಟು ಕೇಳಿವೆ. ಮನೆಯೊಳಗಿನ ಈ ಮಾತನ್ನು ಕಂಬದ ತಂತಿಗೆ ಹಚ್ಚಬೇಡಿ. ಹೊಲದಲ್ಲಿ ತುಂಡಾಗಿ ಬಿದ್ದ ತಂತಿಯ ಹತ್ತಿರವೂ ಹೋಗದೆ ಲೈನ್‌ಮನ್‌ಗೆ ತಿಳಿಸಬೇಕು.

ಹಣದ ಲೆಕ್ಕವೂ ಇಲ್ಲೇ ಇದೆ. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೆ 9 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್.ಇ.ಡಿ. ಬಲ್ಬಿಗೆ 1.35 ಯೂನಿಟ್. 5 ಅಶ್ವಶಕ್ತಿಯ ಮೋಟರು ಎಂದರೆ 5ನ್ನು 746ರಿಂದ ಗುಣಿಸಿ 3,730 ವ್ಯಾಟ್. ಆರು ಗಂಟೆ ಓಡಿದರೆ 22 ಯೂನಿಟ್ ದಾಟುತ್ತದೆ. ಮೋಟರಿನ ನಷ್ಟವನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಮನೆಗೆ ಬಂದ ಬಿಲ್ಲನ್ನು ಮಗುವಿನ ಕೈಗೆ ಕೊಟ್ಟು "ಸರಿ ಇದೆಯಾ ನೋಡು" ಎನ್ನಿ. ಅದಕ್ಕಿಂತ ಒಳ್ಳೆಯ ಅಭ್ಯಾಸ ಪುಸ್ತಕವಿಲ್ಲ.

ಮಿಂಚು ಮತ್ತು ಗುಡುಗು: ತರಂಗದ ಲೆಕ್ಕ

ನಿಂತ ನೀರಿಗೆ ಕಲ್ಲೆಸೆದರೆ ಅಲೆ ದಡಕ್ಕೆ ಬರುತ್ತದೆ, ಆದರೆ ನೀರಿನ ಮೇಲಿದ್ದ ಎಲೆ ಇದ್ದಲ್ಲೇ ಏಳುತ್ತದೆ, ಇಳಿಯುತ್ತದೆ. ತರಂಗದಲ್ಲಿ ಸಾಗುವುದು ನೀರಲ್ಲ, ಶಕ್ತಿ. ಇಷ್ಟನ್ನು ಕಣ್ಣಾರೆ ಕಂಡ ಮಗುವಿಗೆ 'ವೇಗ ಎಂದರೆ ಆವೃತ್ತಿ ಮತ್ತು ತರಂಗದೂರಗಳ ಗುಣಲಬ್ಧ' ಎಂಬುದು ಕಷ್ಟವಾಗದು. ಒಂದು ಸೆಕೆಂಡಿಗೆ ಎಷ್ಟು ಅಲೆ, ಒಂದೊಂದು ಅಲೆ ಎಷ್ಟು ಉದ್ದ. ಗುಣಿಸಿದರೆ ಒಂದು ಸೆಕೆಂಡಿನಲ್ಲಿ ಸಾಗಿದ ದೂರ. 100 ಮೆಗಾಹರ್ಟ್ಸ್‌ನ ಎಫ್.ಎಂ. ರೇಡಿಯೋ ತರಂಗದ ವೇಗ ಸೆಕೆಂಡಿಗೆ 30 ಕೋಟಿ ಮೀಟರ್, ಆವೃತ್ತಿ 10 ಕೋಟಿ. ಭಾಗಿಸಿದರೆ ತರಂಗದೂರ 3 ಮೀಟರ್.

ಜೀವ ಉಳಿಸುವ ತರಂಗದ ಲೆಕ್ಕ ಇನ್ನೊಂದಿದೆ. ಭಾರತದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ಅವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವವರು, ದನ ಕುರಿ ಕಾಯುವವರು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಬೆಳಕು ತಡವಿಲ್ಲದೆ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುತ್ತದೆ. 9 ಸೆಕೆಂಡಾದರೆ 3,060 ಮೀಟರ್, ಅಂದರೆ ಸಿಡಿಲು ಸುಮಾರು 3 ಕಿಲೋಮೀಟರ್ ದೂರದಲ್ಲಿ ಬಿದ್ದಿದೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಕುರಿಗಾಹಿ ಹುಡುಗನೂ ಎಣಿಸಬಹುದು. 30 ಸೆಕೆಂಡಿಗಿಂತ ಕಡಿಮೆ ಬಂದರೆ ಸಿಡಿಲು 10 ಕಿಲೋಮೀಟರ್ ಒಳಗೆ ಇದೆ. ಮರದ ಕೆಳಗಲ್ಲ, ಗಟ್ಟಿ ಕಟ್ಟಡದ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲಷ್ಟೇ ಹೊರಬರಬೇಕು.

ಮನೆಯಲ್ಲಿ ಬಿಡಿಸಿ

ಈ ಭಾನುವಾರ ಊಟವಾದ ಮೇಲೆ ಮಕ್ಕಳೊಡನೆ ಕುಳಿತು ಈ ನಾಲ್ಕು ಲೆಕ್ಕಗಳನ್ನು ಬಿಡಿಸಿ. ಮೂರು ಪ್ರಶ್ನೆ ಕೇಳುವುದನ್ನು ಮರೆಯಬೇಡಿ.

1. ಗಂಟೆಗೆ 36 ಕಿಲೋಮೀಟರ್ ವೇಗದ ಬಸ್ಸು ಬ್ರೇಕು ಹಿಡಿದ 5 ಸೆಕೆಂಡಿನಲ್ಲಿ ಒಂದೇ ಸಮನೆ ವೇಗ ತಗ್ಗಿ ನಿಲ್ಲುತ್ತದೆ. ಬ್ರೇಕು ಹಿಡಿದ ಮೇಲೆ ಎಷ್ಟು ದೂರ ಹೋಯಿತು?

2. ನೀರು ತುಂಬಿದ 15 ಕಿಲೋಗ್ರಾಂ ಕೊಡವನ್ನು 20 ಮೀಟರ್ ಆಳದ ಬಾವಿಯಿಂದ ಸೇದಲು ಕೊಡದ ಮೇಲೆ ನಡೆದ ಕೆಲಸ ಎಷ್ಟು?

3. 230 ವೋಲ್ಟಿನಲ್ಲಿ ಉರಿಯುವ 100 ವ್ಯಾಟಿನ ಬಲ್ಬಿನ ರೋಧ ಎಷ್ಟು?

4. ಆದೋನಿಯ ಕೋಟೆ ಬೆಟ್ಟದ ಕಡೆಗೆ ಮುಖ ಮಾಡಿ ಕೂಗಿದರೆ 2 ಸೆಕೆಂಡಿನ ಮೇಲೆ ಮಾರ್ದನಿ ಬಂತು. ಬಂಡೆ ಎಷ್ಟು ದೂರ?

ಉತ್ತರಗಳು: ಒಂದು, 25 ಮೀಟರ್. ಎರಡು, 2,940 ಜೂಲ್. ಮೂರು, 529 ಓಮ್. ನಾಲ್ಕು, 340 ಮೀಟರ್. ಶಬ್ದ ಹೋಗಿಯೂ ಬರಬೇಕು, ಆದ್ದರಿಂದ 680 ಅಲ್ಲ.

ಹೆಜ್ಜೆ ಹಾಕಿದವರು

ಗಡಿ ಸೀಮೆಯ ಬಡ ಮಕ್ಕಳಿಗೆ ಭೌತಶಾಸ್ತ್ರ ಒಲಿಯುತ್ತದೆಯೇ ಎಂದು ಕೇಳುವವರಿಗೆ ಒಂದು ಹೆಸರು ಹೇಳುತ್ತೇವೆ. ಆಂಧ್ರದ ಗಡಿಗೆ ಹತ್ತಿರದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಡತನದ ಮನೆಯ ಹುಡುಗ. ಹೈಸ್ಕೂಲು ಓದುವುದಕ್ಕಾಗಿ 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಅದೇ ಹುಡುಗ ಮುಂದೆ ಭೌತಶಾಸ್ತ್ರದ ಅಧ್ಯಾಪಕರಾಗಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, 2005ರಲ್ಲಿ ತೀರಿಕೊಳ್ಳುವವರೆಗೂ ಜನಸಾಮಾನ್ಯರಿಗೆ ವಿಜ್ಞಾನ ತಿಳಿಸಿದರು. ದೇವರು ಧರ್ಮಗಳ ವಿಷಯದಲ್ಲಿ ಅವರ ನಿಲುವು ನಮ್ಮದಲ್ಲ. ಆದರೆ ಪ್ರಶ್ನೆ ಕೇಳುವ ಮಗುವನ್ನು ಗದರಿಸಬಾರದು ಎಂಬ ಪಾಠವನ್ನು ಅವರಿಂದ ಕಲಿಯಲು ನಮಗೆ ಯಾವ ಸಂಕೋಚವೂ ಇಲ್ಲ.

ಪ್ರಿಯ ಹೆತ್ತವರೇ, ಸುಗ್ಗಿಗೆ ಹೋಗಲೇಬೇಕಾದ ವರ್ಷ ಬಂದರೆ ಗಂಟಿನಲ್ಲಿ ಮಗುವಿನ ಪಠ್ಯಪುಸ್ತಕವೂ ಒಂದು ನೋಟುಪುಸ್ತಕವೂ ಇರಲಿ. ಸಾಧ್ಯವಿದ್ದರೆ ಮಗುವನ್ನು ಅಜ್ಜಿಯ ಹತ್ತಿರವೋ ಹಾಸ್ಟೆಲಿನಲ್ಲೋ ಬಿಟ್ಟು ಹೋಗಿ. ಕಲಿತ ಯುವಕ ಯುವತಿಯರೇ, ವಾರಕ್ಕೆ ಎರಡು ಸಂಜೆ, ಗಂಟೆ ಹೊತ್ತು, ಬೀದಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ತಪ್ಪಿದ ಮೆಟ್ಟಿಲುಗಳನ್ನು ಹತ್ತಿಸಿ. ಧರ್ಮಕೇಂದ್ರದ ಸಭಾಂಗಣದ ಬೀಗ ಅದಕ್ಕಾಗಿ ತೆರೆಯಲಿ. ಯಾವ ಜಾತಿ, ಯಾವ ಧರ್ಮದ ಮಗು ಬಂದರೂ ಚಾಪೆ ಹಾಸಲಿ. ದಿನಕ್ಕೆ ಒಂದೇ ಲೆಕ್ಕ ಸಾಕು, ಆದರೆ ಅದು ಪೂರ್ತಿ ಬಿಡಬೇಕು. ಒಂದು ಲೆಕ್ಕವನ್ನು ತಾನೇ ಬಿಡಿಸಿದ ಮಗು ಎರಡನೆಯದಕ್ಕೆ ಹೆದರುವುದಿಲ್ಲ. ಇಂದು ರಾತ್ರಿ ದೀಪದ ಬುಡದಲ್ಲಿ ಮಗು ಪುಸ್ತಕ ತೆರೆದಾಗ ಪಕ್ಕದಲ್ಲಿ ಕುಳಿತು ಕೇಳಿ: "ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ? ನನಗೆ ಹೇಳು ಮಗಾ."